ಒಲೆಯ ಮುಂದೆ ನಡೆದ ಹನ್ನೆರಡು ಸಾವಿರ ಹೆಜ್ಜೆ

ನನ್ನ ಹೆಂಡತಿಯ ಎದೆಬಡಿತ ಲಯ ತಪ್ಪಿದೆ ಎಂಬುದು ಅವಳಿಗಿಂತ ಮೊದಲು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಹತ್ತೊಂಬತ್ತು ದಿನ ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂದು ಹೇಳಬೇಕಾದರೆ ಒಂದು ವಾಚಿನ ವಿಷಯ ಹೇಳಬೇಕು. ಹೇಳಿದರೆ ಜನ ನಗುತ್ತಾರೆ. ನಗಲಿ, ನಕ್ಕ ಮೇಲೆ ಬಯ್ಯಲಿ.

ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿಯಿತು. ಆಮೇಲೆ ಮೂವತ್ತನಾಲ್ಕು ವರ್ಷ ರಾಯಚೂರು, ದೇವದುರ್ಗದ ನಡುವೆ ಬಸ್ ಕಂಡಕ್ಟರನಾಗಿದ್ದೆ. ಅಷ್ಟು ವರ್ಷ ನಿಂತುಕೊಂಡೇ ಊರೂರು ತಿರುಗಿದವನಿಗೆ ನಿವೃತ್ತಿಯ ದಿನ ಒಂದೇ ಆಸೆ ಇತ್ತು, ಇನ್ನು ಕೂಡಬೇಕು ಎಂದು. ಕೂತೆ. ಎರಡು ವರ್ಷ ಬಹಳ ಶ್ರದ್ಧೆಯಿಂದ ಕೂತೆ. ಹೊಟ್ಟೆ ಬಂತು, ಅದರ ಹಿಂದೆಯೇ ಶುಗರ್ ಬಂತು. ಡಾಕ್ಟರು ದಿನಾ ನಡೆಯಬೇಕು ಎಂದರು. ಅದನ್ನು ನಾನು ಮರೆಯುತ್ತಿದ್ದೆನೋ ಏನೋ, ಆದರೆ ಅವತ್ತು ಪಕ್ಕದ ಕುರ್ಚಿಯಲ್ಲಿ ಮಗಳು ಕೂತಿದ್ದಳು.

ಮಗಳು ಮಾನ್ವಿಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಮಕ್ಕಳನ್ನು ಓಡಿಸುತ್ತಾಳೆ, ತಾನೂ ಓಡುತ್ತಾಳೆ. ಓಟಗಾರರು ಕಟ್ಟುವಂಥ ಒಂದು ವಾಚು ಅವಳ ಹತ್ತಿರ ಇತ್ತು. ಎಷ್ಟು ಹೆಜ್ಜೆ ಹಾಕಿದಿರಿ, ಯಾವ ದಾರಿಯಲ್ಲಿ ಹೋದಿರಿ, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಎಂಬುದನ್ನೆಲ್ಲ ಬರೆದಿಡುವ ವಾಚು. ಮೂರು ವರ್ಷ ಓಡಿ ಅವಳು ಹೊಸದನ್ನು ಕೊಂಡಾಗ ಹಳೆಯದು ನನ್ನ ಮುಂಗೈಗೆ ಬಂತು. ಗಾಜಿನ ಮೇಲೆ ಎರಡು ಗೀರು, ರಬ್ಬರ್ ಪಟ್ಟಿಯ ಸಂದಿಯಲ್ಲಿ ಅವಳ ಬೆವರಿನ ಉಪ್ಪು. ವಾಚು ನನ್ನ ಮೊಬೈಲಿಗೆ ಹೇಳುತ್ತದೆ, ಮೊಬೈಲು ಮಾನ್ವಿಗೆ ಹೇಳುತ್ತದೆ. ಹಾಗೆ ಏರ್ಪಾಡು ಮಾಡಿ ಅವಳು ಬಸ್ಸು ಹತ್ತಿದಳು.

ಕಂಡಕ್ಟರಿಕೆಯಲ್ಲಿ ನಾನು ಅಂಜಿದ್ದು ಚೆಕಿಂಗ್ ಸಾಹೇಬರಿಗೆ ಮಾತ್ರ. ಅವರಾದರೂ ಗಬ್ಬೂರಿನಲ್ಲಿ ಹತ್ತಿ, ನೋಡಿ, ಮುಂದಿನ ಊರಿನಲ್ಲಿ ಇಳಿದು ಹೋಗುತ್ತಿದ್ದರು. ಈ ಸಾಹೇಬ ಹತ್ತಿದವನು ಇಳಿಯಲೇ ಇಲ್ಲ. ತಾಸುಗಟ್ಟಲೆ ಕೂತರೆ ಮುಂಗೈಯಲ್ಲಿ ಗುರ್ ಎನ್ನುತ್ತಿದ್ದ. ಸ್ನಾನಕ್ಕೆ ಹೋದರೂ ಜೊತೆಗೆ, ಸಂತೆಗೆ ಹೋದರೂ ಜೊತೆಗೆ.

ಮೊದಲ ವರ್ಷ ನಾನು ಪ್ರಾಮಾಣಿಕನಾಗಿದ್ದೆ. ನಸುಕಿನಲ್ಲಿ ಎದ್ದು ಮನೆಯ ಮುಂದೆ ಕೈ ಎತ್ತಿ ನಿಲ್ಲುತ್ತಿದ್ದೆ. ಮೇಲಿನ ಉಪಗ್ರಹ ಸಿಗುವವರೆಗೆ ವಾಚು ಹೊರಡಲು ಒಪ್ಪುತ್ತಿರಲಿಲ್ಲ. ಎದುರು ಮನೆಯ ಮುದುಕಿ ನಾನು ಸೂರ್ಯನಿಗೆ ಕೈ ಮುಗಿಯುತ್ತೇನೆ ಎಂದುಕೊಂಡು, ಈ ವಯಸ್ಸಿನಲ್ಲಾದರೂ ಬುದ್ಧಿ ಬಂತಲ್ಲ ಎಂದು ನನ್ನ ಹೆಂಡತಿಯ ಹತ್ತಿರ ಮೆಚ್ಚಿ ಮಾತಾಡಿದಳಂತೆ. ಮಾವಿನಕೆರೆಯ ದಂಡೆಗೆ ಹೋಗುತ್ತಿದ್ದೆ. ಅಲ್ಲಿ ನನ್ನಂಥ ಏಳೆಂಟು ನಿವೃತ್ತರ ಒಂದು ಗುಂಪು. ಹಿರಿಯರಾದ ಒಬ್ಬ ಮಾಸ್ತರರು ಅದರ ಯಜಮಾನರು. ಅರ್ಧ ದಂಡೆ ನಡೆದು, ಉಳಿದರ್ಧದ ಬಗ್ಗೆ ಮಾತಾಡಿ, ಒಗ್ಗರಣಿ ಮಿರ್ಚಿ ತಿಂದು ಮನೆಗೆ ಬರುವುದು ನಮ್ಮ ಕ್ರಮ. ನಡೆದದ್ದಕ್ಕೆ ವಾಚಿನಲ್ಲಿ ಗುರುತು ಇರುತ್ತಿತ್ತು, ತಿಂದದ್ದಕ್ಕೆ ಇರುತ್ತಿರಲಿಲ್ಲ. ಅದೊಂದು ನನಗೆ ಹಿಡಿಸಿದ ಗುಣ.

ಎರಡನೆಯ ಬೇಸಿಗೆಗೆ ಉತ್ಸಾಹ ಇಳಿಯಿತು. ಒಂದು ದಿನ ನಡಿಗೆಯ ಲೆಕ್ಕ ನಿಲ್ಲಿಸುವುದನ್ನು ಮರೆತು ಗಬ್ಬೂರಿನ ಒಂದು ಮದುವೆಗೆ ಬಸ್ಸು ಹತ್ತಿಬಿಟ್ಟೆ. ಮಧ್ಯಾಹ್ನ ಮಗಳ ಫೋನು ಬಂತು. "ಯಪ್ಪಾ, ಇವತ್ತ ಗಬ್ಬೂರತನ ಓಡೀದಿ ನೋಡು, ತಾಸಿಗೆ ಐವತ್ತು ಕಿಲೋಮೀಟರ್. ನಮ್ಮ ಸಾಲಿ ಹುಡುಗರಿಗೆ ನೀನಽ ಬಂದು ಕಲಸು," ಎಂದಳು. ನಾನೂ ನಕ್ಕೆ. ನಕ್ಕರೂ ದಾರಿಯ ನಕ್ಷೆ ಮಗಳ ಕೈಯಲ್ಲಿರುವುದು ಒಳ್ಳೆಯದಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಬಿಸಿಲು ಹೆಚ್ಚು, ಇನ್ನು ಮೇಲೆ ಮನೆಯ ಮಾಳಿಗೆಯ ಮೇಲೆ ಮತ್ತು ಒಳಗೇ ನಡೆಯುತ್ತೇನೆ, ಉಪಗ್ರಹಕ್ಕೆ ಸುಮ್ಮನೆ ಯಾಕೆ ತೊಂದರೆ ಎಂದು ಹೇಳಿದೆ. ಅವಳು ನಂಬಿದಳು. ಮಗಳು ಅಪ್ಪನ ಮಾತು ನಂಬುವುದು ಸಹಜ, ಅದನ್ನು ನಾನು ಉಪಯೋಗಿಸಿಕೊಂಡೆ.

ಇನ್ನು ಮುಖ್ಯ ವಿಷಯ. ನನ್ನ ಹೆಂಡತಿ ಒಂದು ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ದಿನಾ ಬೆಳಗ್ಗೆ ಎಂಬತ್ತು ರೊಟ್ಟಿ, ಎಲ್ಲ ಕೈಯಲ್ಲೇ ಬಡಿದದ್ದು. ಒಂದು ಬೆಳಗ್ಗೆ ಅವಳ ಒಲೆಯ ಪಕ್ಕ ಕೂತಿದ್ದಾಗ, ನನ್ನ ಮುಂಗೈಗೆ ಬೆವರುಗುಳ್ಳೆ ಎದ್ದು ತುರಿಕೆಯಾಗಿ, ಎಣ್ಣೆ ಹಚ್ಚಿಕೊಳ್ಳಲೆಂದು ವಾಚು ಬಿಚ್ಚಿದೆ. ಕೆಳಗಿಟ್ಟರೆ ಹಿಟ್ಟು ಮೆತ್ತುತ್ತದೆ ಎಂದು ಅವಳ ಬಲಗೈಗೆ ಕಟ್ಟಿದೆ. ಹತ್ತು ರೊಟ್ಟಿ ಆದ ಮೇಲೆ ಬಿಚ್ಚಿ ನೋಡಿದರೆ ನನ್ನ ಹೆಜ್ಜೆಗೆ ಐನೂರು ಸೇರಿತ್ತು. ರೊಟ್ಟಿ ಬಡಿಯುವ ಕೈಯನ್ನು ವಾಚು ನಡೆಯುವ ಕೈ ಎಂದು ತಿಳಿದಿತ್ತು. ಅದನ್ನು ಮಾಡಿದವರು ಯಾವ ದೇಶದವರೋ, ಅವರ ಮನೆಯಲ್ಲಿ ಯಾರೂ ರೊಟ್ಟಿ ಬಡಿಯುವುದಿಲ್ಲವೆಂದು ಕಾಣುತ್ತದೆ.

ಮರುದಿನದಿಂದ ನಸುಕಿನಲ್ಲಿ ವಾಚು ಅವಳ ಕೈಗೆ, ಸಂಜೆ ನನ್ನ ಕೈಗೆ. ರೊಟ್ಟಿ ಮುಗಿದ ಮೇಲೆ ನೀರು ತುಂಬುವುದು, ಅಂಗಳ ಗುಡಿಸುವುದು, ಬಟ್ಟೆ ಒಗೆಯುವುದು ಎಲ್ಲ ಸೇರಿ ನಾನು ದಿನಕ್ಕೆ ಹನ್ನೆರಡು ಸಾವಿರ ಹೆಜ್ಜೆ ನಡೆಯತೊಡಗಿದೆ. ಹೆಂಡತಿಗೆ ನಾನು ಏನೂ ಮುಚ್ಚಿಡಲಿಲ್ಲ. "ಇಷ್ಟು ವರ್ಷ ನಿಮ್ಮ ಅಡಗಿ ಮಾಡಿದೆ, ನಿಮ್ಮ ಅರಿವಿ ಒಗದೆ. ಈಗ ನಿಮ್ಮ ನಡಗೀನೂ ನಾನಽ ನಡೀಬೇಕೇನ್ರಿ?" ಎಂದು ಕೇಳಿದಳು, ಕೈ ಮಾತ್ರ ಮುಂದೆ ಚಾಚಿದಳು. ಮಗಳಿಗೆ ಹೇಳಬೇಡ ಎಂದೆ. ಹೇಳಲಿಲ್ಲ.

ಹರಟೆಗೆಂದು ದಂಡೆಗೆ ಹೋಗುವುದನ್ನು ಬಿಟ್ಟಿರಲಿಲ್ಲ, ಅಲ್ಲಿಯ ಗುಂಪಿಗೆ ಮೊಬೈಲು ತೋರಿಸಿದೆ. ತೋರಿಸದೇ ಇರಬಹುದಿತ್ತು, ಆದರೆ ಹನ್ನೆರಡು ಸಾವಿರ ಎಂಬುದು ಜೇಬಿನಲ್ಲಿ ಸುಮ್ಮನೆ ಕೂಡುವ ಸಂಖ್ಯೆ ಅಲ್ಲ. ಮಾಸ್ತರರು ಕೆರೆಯ ದಂಡೆಯ ಮೇಲೆಯೇ ನನಗೆ ಶಾಲು ಹೊದಿಸಿ ಮಾಲೆ ಹಾಕಿದರು. ಎರಡು ಮಾತಾಡಿ ಎಂದಾಗ ನಾನು ಹನ್ನೆರಡು ಮಾತಾಡಿದೆ. ಶಿಸ್ತು, ಸಂಯಮ, ನಸುಕಿನಲ್ಲಿ ಏಳುವುದು. ಆ ಹೊತ್ತಿಗೆ ನಸುಕಿನಲ್ಲಿ ಎದ್ದವಳು ಮನೆಯಲ್ಲಿ ಅರವತ್ತನೆಯ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮಾತು ಕೇಳಿ ಇಬ್ಬರು ಹೊಸದಾಗಿ ವಾಚು ತರಿಸಿದರು.

ಹೀಗೆ ನಾಲ್ಕು ತಿಂಗಳು ನಡೆಯಿತು. ಒಂದು ಸಂಜೆ ಮಗಳು ಫೋನಿನಲ್ಲಿ ಬೇರೆ ದನಿಯಲ್ಲಿ ಮಾತಾಡಿದಳು. ಕೆಲವು ವಾರಗಳಿಂದ ವಾಚು ನನ್ನ ಎದೆಬಡಿತದ ಬಗ್ಗೆ ಎಚ್ಚರಿಕೆ ಕೊಡುತ್ತಿದೆ, ನಾನು ರೊಟ್ಟಿ ಒಲೆಯ ಹತ್ತಿರ ಕೂತಿರುತ್ತೇನೆ, ಸೆಕೆಗೆ ಇರಬಹುದು ಎಂದು ಅವಳು ಬಿಟ್ಟಿದ್ದಳಂತೆ, ಆದರೆ ಇವತ್ತು ಮಧ್ಯಾಹ್ನ ಮಲಗಿದ್ದಾಗಲೂ ನೂರಿಪ್ಪತ್ತೆಂಟು ತೋರಿಸಿದೆ ಎಂದಳು. "ಮಲಗಿದಾಗ ಇಷ್ಟು ಇರಬಾರದು ಯಪ್ಪಾ. ಎದಿಯಾಗ ಏನರ ಆಗಾಕತ್ತದೇನು?"

ಆ ಮಧ್ಯಾಹ್ನ ನಾನು ಮಲಗಿರಲಿಲ್ಲ. ಕ್ಷೌರದ ಅಂಗಡಿಯಲ್ಲಿ ಪೇಪರು ಓದುತ್ತಿದ್ದೆ. ಮಲಗಿದ್ದವಳು ಹೆಂಡತಿ.

ಫೋನು ಇನ್ನೂ ಕಿವಿಯಲ್ಲೇ ಇತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು, ಆರಾಮ ಇದ್ದೀನಿ, ಚಿಂತಿ ಮಾಡಬ್ಯಾಡ ಎಂದು. ಆರಾಮ ಇದ್ದದ್ದು ನಿಜ. ನಾನು ಆರಾಮಾಗಿಯೇ ಇದ್ದೆ.

ಅವಳು ಬಿಡಲಿಲ್ಲ. ರಜೆ ಹಾಕಿ ಬಂದು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಎದೆಗೆ ವಯರು ಹಚ್ಚಿ ಇಸಿಜಿ ಪಟ್ಟಿ ತೆಗೆದು, ಹೃದಯ ಚೆನ್ನಾಗಿದೆ, ಹೊಟ್ಟೆ ಮಾತ್ರ ಇಳಿಸಿ ಎಂದರು. ದಿನಾ ಹನ್ನೆರಡು ಸಾವಿರ ಹೆಜ್ಜೆ ನಡೆದರೂ ಈ ಹೊಟ್ಟೆ ಹೇಗೆ ಎಂದು ಆಶ್ಚರ್ಯಪಟ್ಟರು. ಮನೆಗೆ ಬಂದ ಮಗಳು ವಾಚು ಹಳೆಯದಾಯಿತು, ಇದರ ತಲೆ ಕೆಟ್ಟಿದೆ, ತೆಗೆದಿಡು ಎಂದಳು. ಕಪಾಟಿನಲ್ಲಿ ಬಟ್ಟೆಯ ಕೆಳಗೆ ಇಟ್ಟು ಬಾಗಿಲು ಹಾಕಿದೆ. ಆಗ ನನಗೆ ಎಷ್ಟು ಹಗುರಾಯಿತೆಂದರೆ, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಹೆಂಡತಿಗೆ ಅದು ಹೆಜ್ಜೆ ಎಣಿಸುವ ವಾಚು ಅಷ್ಟೇ; ಕೆಟ್ಟದ್ದು ವಾಚಿನ ತಲೆಯಲ್ಲ ಎಂದು ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ.

ಆಮೇಲಿನ ದಿನಗಳಲ್ಲಿ ನೋಡತೊಡಗಿದೆ. ಮೊದಲು ನೋಡಿರಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು. ಎಂಬತ್ತು ರೊಟ್ಟಿ ಒಂದೇ ಉಸಿರಿಗೆ ಮಾಡುತ್ತಿದ್ದವಳು ಹತ್ತಕ್ಕೊಮ್ಮೆ ಗೋಡೆಗೆ ಒರಗುತ್ತಿದ್ದಳು. ಕೊಡ ಹೊತ್ತು ಬಂದರೆ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ದಣಿವೇನು ಎಂದು ಕೇಳಿದರೆ ಬಿಸಿಲು ಎನ್ನುತ್ತಿದ್ದಳು. ನನಗೂ ಬಿಸಿಲೆಂಬ ಉತ್ತರವೇ ಬೇಕಾಗಿತ್ತು. ದಿನಾ ಬೆಳಗ್ಗೆ, ಇವತ್ತು ಮಗಳಿಗೆ ಹೇಳಿಬಿಡುತ್ತೇನೆ ಎಂದುಕೊಂಡು ದಂಡೆಗೆ ಹೋಗುತ್ತಿದ್ದೆ. ಅಲ್ಲಿ ನನ್ನನ್ನು ನೋಡಿ ಹೊಸ ವಾಚಿನವರು ಹೆಜ್ಜೆ ಚುರುಕು ಮಾಡುತ್ತಿದ್ದರು. ಮನೆಗೆ ಬರುವಷ್ಟರಲ್ಲಿ ನಾಳೆ ಹೇಳಿದರಾಯಿತು ಎನಿಸುತ್ತಿತ್ತು. ಶಾಲು ಹೊದ್ದವನಿಗೆ ಅದನ್ನು ತೆಗೆಯುವುದು ಸುಲಭವಲ್ಲ. ಒಂದು ಶಾಲಿಗೆ ಹೆಂಡತಿಯ ಎದೆಯನ್ನು ಒತ್ತೆ ಇಟ್ಟಿದ್ದೆ ಎಂದು ಈಗ ಬರೆಯುವುದು ಸುಲಭ.

ಮಗಳ ಆ ಫೋನು ಬಂದ ಹತ್ತೊಂಬತ್ತನೆಯ ದಿನ ಹಂಚಿನ ಮೇಲಿನ ರೊಟ್ಟಿ ಕರಕಲಾಗುವ ವಾಸನೆ ಬಂತು. ಹೋಗಿ ನೋಡಿದರೆ ಅವಳು ರೊಟ್ಟಿ ಬಡಿಯುವ ಹಲಗೆಯ ಮೇಲೆ ಎರಡೂ ಕೈ ಊರಿ ಕೂತಿದ್ದಳು. ನನ್ನನ್ನು ನೋಡಿ ಏಳಲು ಹೋದಳು, ಆಗಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಮಗಳು ಮಾನ್ವಿಯಿಂದ ನೇರವಾಗಿ ಅಲ್ಲಿಗೇ ಬಂದಳು, ಕೊರಳಲ್ಲಿ ಸೀಟಿ ಹಾಗೇ ಇತ್ತು.

ಡಾಕ್ಟರು ಪಟ್ಟಿ ನೋಡಿ, ಎದೆಬಡಿತ ಲಯ ತಪ್ಪಿದೆ ಎಂದರು. ಇದು ಎರಡು ದಿನದ್ದೋ, ತಿಂಗಳಿನದೋ ತಿಳಿಯಬೇಕು. ಹೊಸದಾದರೆ ಒಂದು ರೀತಿಯ ಚಿಕಿತ್ಸೆ. ಹಳೆಯದಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅವಸರ ಮಾಡಿದರೆ ಅದು ತಲೆಗೆ ಹೋಗಬಹುದು, ಮೊದಲು ರಕ್ತ ತೆಳುವಾಗುವ ಔಷಧ ಕೊಟ್ಟು ಕಾಯಬೇಕು ಎಂದು ವಿವರಿಸಿದರು. "ಯಾವಾಗಿಂದ ಹಿಂಗ ಆಗಾಕತ್ತದಮ್ಮಾ?" ಎಂದು ಕೇಳಿದರು.

ಹೆಂಡತಿ, ಇವತ್ತಽ ಸ್ವಲ್ಪ ಜಾಸ್ತಿ ಆತ್ರಿ ಎಂದಳು. ಡಾಕ್ಟರು ಮಗಳ ಮುಖ ನೋಡಿದರು. ಮಗಳು ತನಗೆ ಗೊತ್ತಿಲ್ಲ ಎಂದಳು, ಅದು ನಿಜವೇ. ಡಾಕ್ಟರು ಹಾಗಾದರೆ ಹೊಸದೇ ಇರಬೇಕು ಎಂದು ಬರೆಯಲು ಪೆನ್ನು ತೆಗೆದುಕೊಂಡರು.

"ಹೊಸದಲ್ರಿ," ಎಂದೆ. "ಆಕಿ ಮೊಬೈಲಿನಾಗ ನಾಕು ತಿಂಗಳದ್ದು ಅದ. ಹೆಸರು ನಂದದ. ಎದಿ ಈಕಿದು."

ಯಾರಿಗೂ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಬೇಕಾಯಿತು. ಬೆವರುಗುಳ್ಳೆ, ರೊಟ್ಟಿ, ಶಾಲು, ಕ್ಷೌರದ ಅಂಗಡಿ. ಹೇಳುವಾಗ ನರ್ಸು ಒಮ್ಮೆ ನಕ್ಕಳು, ಆಮೇಲೆ ನಗಲಿಲ್ಲ. ಮಗಳು ಮೊಬೈಲು ತೆಗೆದು ಡಾಕ್ಟರ ಮುಂದೆ ಹಿಡಿದಳು. ಅವರು ಬೆರಳಿನಿಂದ ಸರಿಸುತ್ತ ಹಿಂದೆ ಹಿಂದೆ ಹೋದರು. ಮೊದಲ ಎಚ್ಚರಿಕೆ ಸಿಕ್ಕಿದ್ದು ಏಳು ವಾರದ ಕೆಳಗೆ. ಬರೆಯಲಿದ್ದುದನ್ನು ಬಿಟ್ಟು ಬೇರೆ ಔಷಧ ಬರೆದರು.

ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಮೂವರೂ ಕೂತೆವು. ಮಗಳು ಕೇಳಿದ್ದು ನನ್ನನ್ನಲ್ಲ, ತಾಯಿಯನ್ನು. "ಯವ್ವಾ, ನಿನಗ ದಣಿವಾಗತಿತ್ತು. ಒಬ್ಬರಿಗರ ಹೇಳಬೇಕಿಲ್ಲ?"

"ಇವರಿಗೆ ಎದಿ ಸರಿ ಇಲ್ಲಂತ ನೀನಽ ಅಳಾಕತ್ತಿದ್ದಿ," ಎಂದಳು ಅವಳು. "ಒಂದು ಮನಿಗೆ ಒಬ್ಬ ಪೇಷಂಟ್ ಸಾಕು ಅಂತ ಸುಮ್ಮನಿದ್ದೆ."

ನಾನು ಎದ್ದು ನೀರು ತರುವ ನೆವದಿಂದ ಹೊರಗೆ ಹೋದೆ. ನಲ್ಲಿ ಪಕ್ಕದಲ್ಲೇ ಇತ್ತು, ನಾನು ರಸ್ತೆಯವರೆಗೆ ಹೋದೆ.

ಔಷಧ ಹಿಡಿಯಿತು. ಪೂರ್ತಿ ವಾಸಿ ಎಂದು ಡಾಕ್ಟರು ಹೇಳುವುದಿಲ್ಲ, ಗುಳಿಗೆ ತಪ್ಪಿಸಬೇಡಿ ಎನ್ನುತ್ತಾರೆ. ಖಾನಾವಳಿಗೆ ಬೇರೆಯವರು ರೊಟ್ಟಿ ಕೊಡುತ್ತಾರೆ. ನಮ್ಮ ಮನೆಗೂ ಹೊರಗಿನ ರೊಟ್ಟಿ ಬರುತ್ತದೆ, ಯಾರ ಕೈಯ ಎಷ್ಟು ಹೆಜ್ಜೆಗಳೋ.

ದಂಡೆಯ ಗುಂಪಿಗೂ ಎಲ್ಲ ಹೇಳಿ ಶಾಲು ವಾಪಸು ಕೊಟ್ಟೆ. ಗಂಭೀರವಾಗಿ ಕೇಳಿಸಿಕೊಂಡರು. ಮಾಸ್ತರರು ಶಾಲು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನು ಪಕ್ಕಕ್ಕೆ ಕರೆದರು. ಬಯ್ಯುತ್ತಾರೆ ಎಂದು ತಲೆ ಬಗ್ಗಿಸಿ ನಿಂತೆ. ಒಂದು ರೊಟ್ಟಿಗೆ ಸುಮಾರು ಎಷ್ಟು ಹೆಜ್ಜೆ ಬೀಳುತ್ತದೆ ಎಂದು ಮೆಲ್ಲಗೆ ಕೇಳಿದರು.

ಮಗಳು ಕಪಾಟಿನಿಂದ ವಾಚು ತೆಗೆದು, ಅದರಲ್ಲಿದ್ದ ನನ್ನ ಹೆಸರು ಅಳಿಸಿ ತಾಯಿಯದು ಬರೆಯಲು ಕೂತಾಗ ವಯಸ್ಸು, ಎತ್ತರ, ತೂಕ ಬೇಕು ಎಂದಳು. ಕೇಳಿದ್ದು ನನ್ನನ್ನು. ದೇವದುರ್ಗದ ದಾರಿಯ ಒಂದೊಂದು ಬಸ್ ಸ್ಟೇಜಿನ ಹೆಸರನ್ನೂ ನಿದ್ದೆಯಲ್ಲಿ ಹೇಳಬಲ್ಲ ನನಗೆ ಆ ಮೂರರಲ್ಲಿ ಒಂದೂ ಗೊತ್ತಿರಲಿಲ್ಲ. ಗೋಡೆಗೆ ನಿಲ್ಲಿಸಿ ಅಳೆದೆವು. ನಾನು ತಿಳಿದದ್ದಕ್ಕಿಂತ ಅವಳು ಸಣ್ಣವಳು.

ಈಗ ಮಧ್ಯಾಹ್ನ ಅವಳು ಮಲಗಿದಾಗ ಪಕ್ಕದಲ್ಲಿ ಕೂತು ವಾಚು ನೋಡುತ್ತೇನೆ. ಮೊನ್ನೆ ನಿದ್ದೆ ಹತ್ತಿದೆ ಎಂದು ಮೆಲ್ಲಗೆ ಅವಳ ಮುಂಗೈ ತಿರುಗಿಸಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಎಷ್ಟದ?"

"ಎಪ್ಪತ್ತೆಂಟು."

"ನಂದೋ, ನಿಮ್ಮದೋ?"

"ನಿಂದಽ," ಎಂದೆ.

ಅವಳು ಆ ಕಡೆ ಹೊರಳಿ ಮಲಗಿದಳು, ಕೈಯನ್ನು ಮಾತ್ರ ನನ್ನ ಹತ್ತಿರವೇ ಬಿಟ್ಟಳು.