ಸದ್ದು ನಿಂತ ಬ್ರೇಕು

ನಮ್ಮ ಮಾಮನ ಬಲಗೈ ತೋರುಬೆರಳಲ್ಲಿ ಕೂದಲೆಳೆಯಷ್ಟು ಸಣ್ಣ, ಕಾಲುವೆಯಂಥ ಗೀರು ಇತ್ತು. ವರ್ಷಗಟ್ಲೆ ಮಗ್ಗದ ನೂಲು ಓಡಿ ಓಡಿ ಕೊರೆದಿದ್ದು. ಪವರ್‌ಲೂಮ್ ಶೆಡ್ಡಿನ ಗದ್ದಲ ಅವರ ಕಿವೀನೂ ತಿಂದಿತ್ತು. ಮಾತು ಕೇಳ್ಸೋದು, ಕೀರಲು ಸದ್ದು ಮಾತ್ರ ಕೇಳ್ಸ್ತಾನೇ ಇರ್ಲಿಲ್ಲ.

ಅಂಥೋರ ಹತ್ರ ಇದ್ದಿದ್ದು ಬ್ರೇಕ್ ಒತ್ತಿದ್ರೆ ಕಿರುಚೋ ಕಾರು. ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು, ಸೈಕಲ್ ಥರ ಕಡ್ಡಿ ಚಕ್ರ. ಮುಚ್ಚಿಹೋದ ಮಿಲ್ಲಿನ ಗೋಡೌನಲ್ಲಿ ಕೊಳೀತಿದ್ದಿದ್ದನ್ನ ತಂದು ಎಬ್ಬಿಸಿದ್ರು. ನಾನು ವಿಡಿಯೋ ನೋಡಿ ರಿಪೇರಿ ಕಲ್ತೋಳು. "ನಿನ್ ಕಿವಿ, ನನ್ ಕೈ. ಎರಡೂ ಸೇರಿದ್ರೆ ಒಬ್ಬ ಮೆಕ್ಯಾನಿಕ್, ಕಣ್ಣು" ಅನ್ನೋರು ಮಾಮ. ಮುದ್ದು ಬಂದ್ರೆ ನಮ್ಕಡೆ ಎಲ್ರೂ ಕಣ್ಣೇ.

ಅತ್ತೇನ ಅದ್ರಲ್ಲಿ ಕೂರ್ಸ್ಕೊಂಡು ಆನೈಮಲೈ ಮಾಸಾಣಿಯಮ್ಮನ ಗುಡಿಗೆ ಹೋಗ್ಬೇಕು ಅನ್ನೋದು ಮಾಮನ ಆಸೆ. ಹೊರಡೋ ಹಿಂದಿನ ದಿನ ಕಿರುಚಾಟ ಜಾಸ್ತಿ ಆಯ್ತು. ಮುಂದಿನ ಎಡಚಕ್ರ ಅಂತ ಕಿವಿಯಿಟ್ಟು ಹೇಳ್ದೆ. ಊಟ ಮಾಡಿ ಬಿಚ್ಚೋಣ ಅಂದ್ರು. ಊಟ ಆದ್ಮೇಲೆ ಆ ಸದ್ದು ಇನ್ನೊಂದ್ಸಲ ಕೇಳೋಣ ಅಂತ ಮನೆ ಹತ್ರದ ಪೀಳಮೇಡು ರೋಡಿಗೆ ಇಳಿದ್ವಿ.

ತಿರುವಲ್ಲಿ ಬ್ರೇಕ್ ಒತ್ತಿದ್ರು. ಸದ್ದೇ ಇಲ್ಲ.

"ಮಾಮ, ಸರಿಹೋಗಿದೆ!"

ಮಾಮನ ಮುಖ ಬಿಗೀತು. "ನಾವಿನ್ನೂ ಕೈಯೇ ಹಚ್ಚಿಲ್ವಲ್ಲ, ಹೆಂಗ್ ಹೋಯ್ತು? ಸ್ಟಿಯರಿಂಗ್ ಬಲಕ್ಕೆ ಎಳೀತಿದೆ."

ಅಷ್ಟ್ರಲ್ಲಿ ಮುಂದಿದ್ದ ಬಸ್ಸು ನಿಂತ್ಬಿಡ್ತು. ಮಾಮ ಒತ್ತಿದ್ರು. ಕಾರು ಬಲಕ್ಕೆ ವಾಲ್ತು, ಎದುರಿಂದ ಲಾರಿ. ನಾನು ಬಾಗ್ಲು ಹಿಡ್ಕೊಂಡು ಕಣ್ಮುಚ್ಚಿದೆ. ಗೇರ್ ಇಳಿಸಿದ್ದು, ಹ್ಯಾಂಡ್‌ಬ್ರೇಕ್ ಎಳೆದಿದ್ದು ಕೇಳ್ಸ್ತು. ಕಣ್ಬಿಟ್ರೆ ಬಸ್ಸಿನ ಹಿಂಭಾಗ ಗೇಣು ದೂರದಲ್ಲಿ.

ನಡೆಯೋ ವೇಗದಲ್ಲಿ ಮನೆ ಸೇರಿ ಚಕ್ರ ಬಿಚ್ಚಿದ್ವಿ. ಬ್ರೇಕ್ ತಟ್ಟೆ ಮಿರಮಿರ ಮಿಂಚ್ತಿದೆ, ಮಗ್ಗದೆಣ್ಣೆ ವಾಸನೆ. ಅತ್ತೆ ಬಾಗ್ಲಲ್ಲಿ ನಿಂತು, "ಬೀದಿಯೆಲ್ಲಾ ಕೇಳೋ ಹಂಗೆ ಕಿರುಚ್ತಿತ್ತು. ನೀವು ಊಟ ಮಾಡ್ವಾಗ ಇವ್ಳು ಹೇಳಿದ ಚಕ್ರದ ಕಡ್ಡಿ ಸಂದೀಲಿ ಎಣ್ಣೆ ಬಿಟ್ಟೆ. ಮಗ್ಗಕ್ಕೆ ಬಿಡಲ್ವಾ?" ಅಂದ್ರು.

ಬೈತಾರೆ ಅಂದ್ಕೊಂಡೆ. ಮಾಮ ತಲೆ ಎತ್ತದೆ, "ಮಗ್ಗ ಓಡ್ಬೇಕು, ಅದಕ್ಕೆ ಎಣ್ಣೆ. ಇದು ನಿಲ್ಬೇಕು ಕಣೇ" ಅಂದ್ರು. ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತ್ಬಿಟ್ರು.

ಗುಡಿ ಪ್ರಯಾಣ ಮುಂದಕ್ಕೆ ಹೋಯ್ತು. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಎಸೆದು, ತಟ್ಟೆ ತೊಳೆದ್ವಿ. ಮಾಮ ಹೊಸ ಪ್ಯಾಡ್ ಕೂರಿಸಿ, ಅದೇ ಗೀರಿನ ಬೆರಳಿಂದ ಅಲ್ಲಾಡಿಸಿ, "ಆಡ್ತಿದೆ ನೋಡು" ಅಂದ್ರು. ಪ್ಯಾಡಿನ ಬೆನ್ನಿಗೆ ಇರ್ಬೇಕಾದ ತೆಳು ತಗಡು ಆ ಎಡಚಕ್ರದಲ್ಲಿ ಇರ್ಲೇ ಇಲ್ಲ. ಅದಿಲ್ದೆ ಪ್ಯಾಡ್ ನಡುಗೋದು, ನಡುಗಿದ್ದಕ್ಕೇ ಕಿರುಚೋದು. ತಗಡು ಹಾಕಿದ್ಮೇಲೆ ನನ್ನ ಹತ್ತಿಸ್ಲಿಲ್ಲ. "ಮೊದ್ಲು ನಾನೊಬ್ನೇ." ಅವರು ವಾಪಸ್ ಬರೋವರ್ಗೂ ಅತ್ತೆ ನನ್ ಕೈ ಬಿಡ್ಲಿಲ್ಲ.

ಆಮೇಲೆ ಇಬ್ರೂ ಆನೈಮಲೈಗೆ ಹೋಗ್ಬಂದ್ರು.

ಈಗ ಮಾಮ ಇಲ್ಲ. ಕಾರು ನನಗೆ ಬಿಟ್ಟು ಹೋದ್ರು. ಮೊನ್ನೆ ಅತ್ತೇನ ಕೂರ್ಸ್ಕೊಂಡು ಹೊರಟೆ. ಬೀದಿ ಕೊನೇಲಿ ಬ್ರೇಕ್ ಒತ್ತಿದೆ.

"ಸದ್ದಿಲ್ಲ ತಾನೇ, ಕಣ್ಣು?"

"ಇಲ್ಲ ಅತ್ತೆ."

"ಹಂಗಾದ್ರೆ ಇಳ್ದು ಒಂದ್ಸಲ ನೋಡ್ಬಿಡು."