ರಬ್ಬರ್ ಹಾಲಿಗೆ ಬಿದ್ದ ಚರಿತ್ರೆ ಪುಸ್ತಕ

ಸುಳ್ಯದ ಆಲೆಟ್ಟಿ ಕಡೆಯ ಒಂದು ತೋಟದಲ್ಲಿ ನಾನು ರಬ್ಬರ್ ಟ್ಯಾಪಿಂಗ್, ಎಂದರೆ ಮರ ಕೆತ್ತಿ ಹಾಲು ಇಳಿಸುವ ಕೆಲಸ ಮಾಡುತ್ತೇನೆ. ನಮ್ಮನ್ನು ಎಲ್ಲರೂ ಸಿಲೋನಿನವರು ಎನ್ನುತ್ತಾರೆ. ನಾನು ಹುಟ್ಟಿದ್ದು ಸುಳ್ಯದಲ್ಲಿ. ಸಿಲೋನನ್ನು ನೋಡಿಯೇ ಇಲ್ಲ. ಅಲ್ಲಿಯ ಟೀ ತೋಟಗಳ ತಮಿಳರನ್ನು ಭಾರತಕ್ಕೆ ವಾಪಸು ಕಳುಹಿಸುವಾಗ ಅಜ್ಜನನ್ನೂ ಹಡಗು ಹತ್ತಿಸಿದರು. ಅಜ್ಜನ ತಮ್ಮನನ್ನು ಅಲ್ಲೇ ಗಲಭೆಯಲ್ಲಿ ಕಡಿದು ಹಾಕಿದರು.

ಹತ್ತನೇ ತರಗತಿಯ ಸಮಾಜ ವಿಜ್ಞಾನ ಒಂದೇ ನನಗೆ ಬಾಕಿ ಇತ್ತು. ಅದು ಪಾಸಾದರೆ ಗಲ್ಫಿಗೆ ಹೋಗುವಾಗ ಎಮಿಗ್ರೇಷನ್ ಕಿರಿಕಿರಿ ಇಲ್ಲ ಎಂದು ಏಜೆಂಟ್ ಹೇಳಿದ್ದ. ಹಾಗಾಗಿ ಡಿಶ್ಶಿನ ತಟ್ಟೆಗಳಲ್ಲಿ ಹೊಯ್ದ ರಬ್ಬರ್ ಹಾಲು ಹೆಪ್ಪಾಗುವವರೆಗೆ ಶೆಡ್ಡಿನಲ್ಲೇ ಕೂತು ಪ್ರಪಂಚದ ಚರಿತ್ರೆ ಓದುತ್ತಿದ್ದೆ. ಯುದ್ಧ, ವಸಾಹತು, ಪುನಃ ಯುದ್ಧ.

ಇಚಿಲಂಪಾಡಿಯ ಟ್ಯಾಪರ್ ಒಬ್ಬನಿಗೆ ನಾನು ಓದುವುದು ಆಗುತ್ತಿರಲಿಲ್ಲ.

"ಎಂತ ಮಾರಾಯ, ಇಂಗ್ಲೆಂಡಿನ ರಾಜ ಆಗ್ಲಿಕ್ಕುಂಟಾ?"

"ಪಾಸಾಗ್ಲಿಕ್ಕುಂಟು."

"ಸಿಲೋನಿಗೆ ಹೋಗಿ ಓದು. ಇದು ನಮ್ಮ ಊರು, ನಮ್ಮ ರಬ್ಬರ್."

"ನಿನ್ನ ರಬ್ಬರಾ? ಬ್ರೆಜಿಲಿಂದ ಬೀಜ ತಂದದ್ದು ಇಂಗ್ಲಿಷಿನವರು. ಅಲ್ಲಿಂದ ಸಿಲೋನಿಗೆ, ಮತ್ತೆ ಇಲ್ಲಿಗೆ. ಟ್ಯೂಷನ್ ಮಾಷ್ಟ್ರು ಹೇಳಿದ್ದಾರೆ. ನೀನು ದಿನಾ ಬೆಳಿಗ್ಗೆ ಕೆತ್ತುದು ಸಿಲೋನಿನವನನ್ನೇ."

ಶೆಡ್ಡಿನಲ್ಲಿದ್ದ ಉಳಿದ ಟ್ಯಾಪರ್‌ಗಳು ನಕ್ಕರು. ಅವನಿಗೆ ತಾಗಿದ್ದು ಆ ನಗು. ಪುಸ್ತಕ ಕಿತ್ತುಕೊಂಡು, ಹೆಪ್ಪಾಗಲು ಆಸಿಡ್ ಹಾಕಿದ ಹಾಲಿನೊಳಗೆ ಮುಳುಗಿಸಿದ. ನಾನು ಬಕೆಟ್ ಎತ್ತಿ ಅವನ ಮುಖಕ್ಕೆ ಬೀಸಿದೆ. ಮೂಗು ಒಡೆಯಿತು. ಅವನು ಟ್ಯಾಪಿಂಗ್ ಕತ್ತಿ ತೆಗೆದ. ತಡೆಯಲು ಚಾಚಿದ ನನ್ನ ಬಲ ಅಂಗೈ ಸೀಳಿಹೋಯಿತು, ಮರಕ್ಕೆ ಹಾಕುವ ಗೀರಿನ ಹಾಗೆಯೇ ಓರೆಯಾಗಿ. ಅವನ ಕೂದಲು ಹಿಡಿದು ಹಣೆಯನ್ನು ರಬ್ಬರ್ ಶೀಟ್ ಒತ್ತುವ ಮೆಷಿನಿಗೆ ಜಜ್ಜಿದೆ. ಮೇಸ್ತ್ರಿ ಬಂದು ಇಬ್ಬರಿಗೂ ಸೌದೆಯಲ್ಲಿ ಬಾರಿಸಿ ಬಿಡಿಸಿದ. ಅಷ್ಟರಲ್ಲಿ ಹಾಲು ಹೆಪ್ಪಾಗಿತ್ತು. ಪುಸ್ತಕ ಒಳಗೇ ಕಚ್ಚಿಕೊಂಡಿತ್ತು. ಎಳೆದರೆ ರಬ್ಬರಿನ ಜೊತೆ ಪುಟಗಳೂ ಹರಿದು ಬಂದವು.

ಅಂಗೈಗೆ ಹೊಲಿಗೆ ಹಾಕಿದರು. ಹೊಲಿಗೆ ಬಿಚ್ಚುವ ಮೊದಲೇ ಪರೀಕ್ಷೆ ಬಂತು. ಬರೆಯುತ್ತ ಬರೆಯುತ್ತ ಬ್ಯಾಂಡೇಜು ಒದ್ದೆಯಾಯಿತು.

"ಎಂತ ಇದು, ಪೇಪರ್ ಇಡೀ ರಕ್ತ," ಎಂದರು ಮೇಲ್ವಿಚಾರಕಿ.

"ಮಹಾಯುದ್ಧ ಬರೀತಾ ಇದ್ದೇನೆ ಮೇಡಂ."

ಅವರು ನಗಲಿಲ್ಲ. ಕರ್ಚೀಫು ಕೊಟ್ಟರು. ಅದನ್ನು ಸುತ್ತಿಕೊಂಡು ಬರೆದು ಮುಗಿಸಿದೆ. ಪಾಸಾದೆ.

ಈಗ ಪಾಸ್‌ಪೋರ್ಟ್ ಕೈಯಲ್ಲಿ ಉಂಟು. ಅವನೂ ನಾನೂ ಅದೇ ಶೆಡ್ಡಿನಲ್ಲಿ ಹಾಲು ಹೊಯ್ಯುತ್ತೇವೆ. ಅವನ ಹಣೆಯಲ್ಲಿ ಗುಳಿ, ನನ್ನ ಮುಷ್ಟಿ ಪೂರ್ತಿ ಮಡಚುವುದಿಲ್ಲ. ಮೊನ್ನೆ ಅವನೇ ಮಾತು ತೆಗೆದ.

"ಯಾವಾಗ ಹೋಗುದು?"

"ವೀಸಾ ಬಂದ ಮೇಲೆ."

"ಅಲ್ಲಿ ಎಲ್ಲಿಯವ ಅಂತ ಕೇಳಿದ್ರೆ ಎಂತ ಹೇಳ್ತಿ?"

"ಸುಳ್ಯದವ."

ಅವನು ಹಾಲು ಕಲಕಿದ. "ಅಲ್ಲಿ ಯಾರಿಗೆ ಗೊತ್ತುಂಟು ಸುಳ್ಯ," ಎಂದ.