ಕೆಳಗಿನ ಕಟ್ಟೆ, ಮೇಲಿನ ಸಜ್ಜಾ

ಗೆಳೆಯರೇ, ಇಂದು ನಮ್ಮೂರ ರವಿವಾರ ಪೇಟೆಯಲ್ಲಿ ಬಳೆಗಾರ್ತಿ ಗಂಗವ್ವನ ಮನೆಮುಂದಿನ ಕಟ್ಟೆ ಒಡೆಸಲು ಪುರಸಭೆಯ ಓವರಸಿಯರ್ ಸಾಹೇಬರು ಬಂದರು. ಅದು ರಸ್ತೆಗೆ ಒಂದು ಗೇಣು ಬಂದಿತ್ತಂತೆ. ಆಕೆ ದಿನಾ ಬಳೆ ಮಾರುವುದು ಅದೇ ಕಟ್ಟೆಯ ಮೇಲೆ.

‘ಎದುರಿನ ಸಾಹುಕಾರರ ಮಾಳಿಗಿ ಸಜ್ಜಾ ಮೂರು ಮೊಳ ರಸ್ತಾದ ಮ್ಯಾಲ ಚಾಚೈತಲ್ರಿ, ಅದನ್ಯಾಕ ಅಳೀವಲ್ರಿ?’ ಎಂದಳು ಗಂಗವ್ವ.

‘ಅದು ಗಾಳ್ಯಾಗ ಐತಿ ಬೇ. ರಸ್ತಾ ನೆಲದ ಮ್ಯಾಲ ಇರತೈತಿ,’ ಎಂದರು ಸಾಹೇಬರು.

‘ಹಂಗಾರ ನಾನೂ ಗಾಳ್ಯಾಗ ಜೋತಬಿದ್ದು ಬಳಿ ಮಾರಲೇನ್ರಿ?’

ಎಲ್ಲರೂ ನಕ್ಕರು. ಹಾರೆ ಮಾತ್ರ ನಿಲ್ಲಲಿಲ್ಲ.

ಕಟ್ಟೆ ಹೋಯಿತು. ಬಿಸಿಲು ತಾಳದೆ ಗಂಗವ್ವ ಬುಟ್ಟಿ ಹೊತ್ತು ಆ ಸಜ್ಜಾದ ಕೆಳಗೇ ಹೋಗಿ ಕುಳಿತಳು. ಸಾಹುಕಾರರ ಆಳು ಓಡಿಬಂದ: ‘ಏಳ ಬೇ, ಇದು ಧಣ್ಯಾರ ನೆರಳು!’

ಗಾಳಿಯಲ್ಲಿ ಚಾಚಿದ್ದು ರಸ್ತೆಯ ಮೇಲೆ ಅಲ್ಲವಂತೆ. ರಸ್ತೆಯ ಮೇಲೆ ಬಿದ್ದ ಅದರ ನೆರಳು ಮಾತ್ರ ಸಾಹುಕಾರರದಂತೆ.